ಎರಡನೇ ಘಾಟಿಯ ನೇರ ಗೆರೆ

ಏಪ್ರಿಲ್ ೩, ಭಾನುವಾರ

ತಮ್ಮನ ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟೆ. ಟೈರಿಗೆ ಗಾಳಿ. ಓಡದೆ ಸುಮ್ಮನೆ ನಿಂತರೂ ಗಾಳಿ ಇಳಿಯುತ್ತದೆ. ಪಂಪು ಒತ್ತುವಾಗ ಮಂಡಿ ಬೈದಿತು. ಬೈಯಲಿ. ಇಷ್ಟು ವರ್ಷ ಹೊತ್ತಿದೆ, ಅಷ್ಟು ಹಕ್ಕು ಇದೆ.

ನಾದಿನಿ, ತಮ್ಮನ ಹೆಂಡತಿ, ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಕೈಯಲ್ಲಿ ಕನ್ನಡಕದಂಗಡಿಯ ಬೀಗದ ಕೈ. ಭಾನುವಾರವೂ ಅಂಗಡಿ ತೆರೆಯುತ್ತಾಳೆ ಈಗ.

"ಯಾರು ಓಡಿಸ್ತಾರೆ ಅಂತ ಇಷ್ಟು ಉಪಚಾರ ಅತ್ತಿಗೆ?"

"ಓಡಿಸೋರಿಲ್ಲ ಅಂತ ತುಕ್ಕು ಹಿಡಿಸಬೇಕಾ?"

"ನಾನೇನೂ ಅನ್ನಲ್ಲ."

ಈಚೆಗೆ ಅವಳ ಎಲ್ಲ ಮಾತೂ ಇಲ್ಲೇ ಬಂದು ನಿಲ್ಲುತ್ತದೆ. ಜನವರಿಯಲ್ಲಿ ತಮ್ಮ ಹೋದ. ಹೃದಯ. ಆಸ್ಪತ್ರೆಗೆ ಸೇರಿಸಿ ವಾರ ತುಂಬಲಿಲ್ಲ. ಇದ್ದಕ್ಕಿದ್ದ ಹಾಗೆ, ಅಂದರು ಎಲ್ಲರೂ. ನಾವೂ ಅಂದೆವು.

ವಿಚಿತ್ರ ಸೈಕಲ್ಲು ಇದು. ರೇಸಿನ ಸೈಕಲ್ಲಿನ ಬಗ್ಗಿದ ಹ್ಯಾಂಡಲ್, ಬೆಟ್ಟದ ಸೈಕಲ್ಲಿನ ದಪ್ಪ ಟೈರು. ಟಾರು ಕಂಡರೆ ಆಗದು, ಜಲ್ಲಿ ಕಂಡರೆ ಪ್ರಾಣ. ಥೇಟ್ ತಮ್ಮನ ಹಾಗೆ. ಸೈಕಲ್ಲಿನ ಹುಡುಗರು ಅವನನ್ನು ಜಲ್ಲಿ ಮಾಮ ಅಂತಲೇ ಕರೆಯುತ್ತಿದ್ದರು. ಮೂರು ಘಾಟಿ, ಎರಡು ಕಣಿವೆ ಸುತ್ತಿ ಬರುವ ದಾರಿ ಅವನದು. ತುಳಿದು, ಹೋದ ದಾರಿಯನ್ನೆಲ್ಲ ಗೆರೆಯಾಗಿ ಬರೆದುಕೊಳ್ಳುವ ಹ್ಯಾಂಡಲ್ಲಿನ ಜಿಪಿಎಸ್ ಡಬ್ಬಿಯಲ್ಲಿ ದಾಖಲಿಸಿ, ಸೈಕಲ್ಲಿನವರ ವೆಬ್‌ಸೈಟಿಗೆ ಹಾಕಿದ್ದ. ಎಲ್ಲೆಲ್ಲಿಯವರೋ ಆ ಗೆರೆ ಹಿಡಿದು ಬರುತ್ತಾರೆ. ಅವನಿಲ್ಲ. ಗೆರೆ ಇದೆ.

ಏಪ್ರಿಲ್ ೫

ಪತ್ರಿಕೆಯ ಒಳಪುಟ. ಎರಡನೇ ಘಾಟಿಯಲ್ಲಿ ಸೈಕಲ್ ಸವಾರೆಯೊಬ್ಬಳು ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ. ಈಜು ಕಲಿಸುವ ಟೀಚರ್ ಅಂತೆ. ಕೊಚ್ಚಿಹೋದ ಮೋರಿಯ ಗುಂಡಿಗೆ ಬಿದ್ದದ್ದು. ಅಲ್ಲಿಗೆ ಸುದ್ದಿ ಮುಗಿದಿದ್ದರೆ ಸರಿ. ಕೊನೆಯ ಸಾಲು—"ಖಾಸಗಿ ವ್ಯಕ್ತಿಯೊಬ್ಬರು ಅಂತರ್ಜಾಲದಲ್ಲಿ ಹಾಕಿದ್ದ ತಪ್ಪು ನಕ್ಷೆಯೇ ಅವಘಡಕ್ಕೆ ಕಾರಣ ಎಂದು ರಸ್ತೆ ಇಲಾಖೆ ತಿಳಿಸಿದೆ."

ರಸ್ತೆ ಇಲಾಖೆ! ನನಗೆ ಗೊತ್ತಿಲ್ಲದ ಇಲಾಖೆಯೇ? ಅದರ ಡ್ರಾಯಿಂಗ್ ಹಾಲಿನಲ್ಲಿ ಕೂದಲು ನರೆಯುವವರೆಗೆ ಬಗ್ಗಿ ಕೂತು ನಕ್ಷೆ ಬರೆದವಳು ನಾನು. ಆ ಮೋರಿಯನ್ನೂ ಟ್ರೇಸ್ ಮಾಡಿದ್ದೇನೆ, ಇದೇ ಕೈಯಿಂದ. ಮೂರು ಅಡಿ ಪೈಪು ಸಾಲದು, ನೀರು ಒದ್ದುಕೊಂಡು ಹೋಗುತ್ತದೆ ಅಂತ ನಮ್ಮ ಮುದಿ ಓವರ್ಸಿಯರ್ ಬಡಕೊಂಡ. ಕೇಳಲಿಲ್ಲ. ಮೊದಲ ದೊಡ್ಡ ಮಳೆಗೇ ಒದ್ದುಕೊಂಡು ಹೋಯಿತು. ಫೈಲು ಮೇಲೆ ಹೋಯಿತು. ಮೇಲೆ ಹೋದದ್ದರಲ್ಲಿ ಕೆಳಗೆ ಬರುವುದು ಮಳೆ ಒಂದೇ. ಆಮೇಲೆ ಎಡಗಡೆಯಿಂದ ಸುತ್ತು ಹಾಕಿ ಹೊಸ ಜಲ್ಲಿ ದಾರಿ ಮಾಡಿ, ಹಳೇ ದಾರಿಯ ಬಾಯಿಗೆ ಒಂದು ಬೇಲಿ ಕೂಡ ಕಟ್ಟದೆ ಬಂದರು. ಬೇಲಿ ಬೇಡ, ಒಂದು ಹಲಗೆ!

ಈಗ ತಪ್ಪು ಸತ್ತವನದು. ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ.

ಏಪ್ರಿಲ್ ೬

ಬ್ರೇಕ್ ಬಂದಿದ್ದ. ತಮ್ಮನ ಗ್ಯಾಂಗಿನ ಯಜಮಾನ ಈಗ ಇವನೇ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ, ಅದಕ್ಕೇ ಆ ಹೆಸರು. ಬ್ಯಾಂಕಿನಲ್ಲಿ ಮ್ಯಾನೇಜರ್, ಇಬ್ಬರು ಮಕ್ಕಳ ತಂದೆ. ಸೋಫಾದ ಅಂಚಿಗೆ ಕೂತ.

"ವೆಬ್‌ಸೈಟಿನವರು ಮೇಲ್ ಹಾಕಿದಾರೆ ಆಂಟಿ. ಮಾಮನ ಗೆರೆ ಸರಿ ಮಾಡಿ, ಇಲ್ಲ ತೆಗೀತೀವಿ ಅಂತ. ಮೇ ಕೊನೇವರೆಗೆ ಟೈಮ್ ಕೊಟ್ಟಿದಾರೆ."

"ತೆಗೆಯೋದಾ? ಸರಿ ಇರೋದನ್ನ ಯಾಕೆ ಸರಿ ಮಾಡ್ಬೇಕು?"

ಲ್ಯಾಪ್‌ಟಾಪ್ ತಿರುಗಿಸಿದ. ನೋಡಿದೆ. ಮೊದಲನೇ ಘಾಟಿ, ಕಣಿವೆ, ಹೊಳೆಯ ಪಕ್ಕದ ದಾರಿ—ನೂಲು ಬಿಚ್ಚಿ ಎಸೆದ ಹಾಗೆ ಬಳುಕಿಕೊಂಡು ಹೋಗುವ ಗೆರೆ. ಎರಡನೇ ಘಾಟಿಯ ಬುಡದ ತಿರುವಿಗೆ ಬಂದದ್ದೇ... ಸ್ಕೇಲಿಟ್ಟು ಎಳೆದ ಹಾಗೆ ನೇರ. ತಿರುವಿನಿಂದ ನೆತ್ತಿಗೆ. ಕಮರಿಯ ಮೇಲೇ. ನೆತ್ತಿಯಿಂದ ಮತ್ತೆ ಬಳುಕು.

ಬೆಟ್ಟದಲ್ಲಿ ನೇರ ಗೆರೆ ಎಳೆಯುವವರು ಕಾಂಟ್ರಾಕ್ಟರುಗಳು ಮಾತ್ರ. ನನ್ನ ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ನಕ್ಷೆ ಓದಲು ಕಲಿತ ಹುಡುಗ ಇದನ್ನು ಎಳೆದನೇ?

"ಎಳೆದಿದ್ದಲ್ಲ ಆಂಟಿ. ಕೆಳಗೆ ಡಬ್ಬಿ ಆಫ್ ಮಾಡಿ, ಮೇಲೆ ಹೋಗಿ ಆನ್ ಮಾಡಿದಾರೆ. ನಡುವೆ ಏನಾಯ್ತು ಅಂತ ಅದಕ್ಕೆ ಗೊತ್ತಿಲ್ಲ. ಎರಡು ಚುಕ್ಕಿ ಸೇರಿಸಿಬಿಡುತ್ತೆ. ಹೊಸಬರು ತಿರುವಿಗೆ ಬಂದು, ಗೆರೆ ನೇರ ತೋರಿಸ್ತಿದೆ ಅಂತ ಹಳೇ ದಾರಿಗೆ ನುಗ್ತಾರೆ. ಮುಂದೆ ಮೋರಿ ಇಲ್ಲ."

"ನೀವ್ಯಾರೂ ನೋಡಲಿಲ್ವಾ?"

"ನಮಗೆ ದಾರಿ ಗೊತ್ತಲ್ಲ. ಗೊತ್ತಿರೋರು ಗೆರೆ ಯಾಕೆ ನೋಡ್ತಾರೆ."

"ಆಫ್ ಯಾಕೆ ಮಾಡಿದ?"

"ಕೈ ತಾಕಿರಬೇಕು."

ಕೈ ತಾಕುವವನಲ್ಲ ನನ್ನ ತಮ್ಮ. ಊಟದ ಮೇಜಿನ ಮೇಲೆ ಚಮಚ ಓರೆಯಾಗಿದ್ದರೆ ಸರಿ ಮಾಡಿ ಕೂರುತ್ತಿದ್ದವನು.

ಅಳಿಸಬೇಡ ಅಂದೆ. ನಾದಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ಏಪ್ರಿಲ್ ೯

ಆಸ್ಪತ್ರೆಗೆ ಹೋದೆ. ಹೋಗಬಾರದಿತ್ತೇನೋ. ಹೋಗದೆ ಇರುವುದಕ್ಕೂ ಆಗಲಿಲ್ಲ.

ಹುಡುಗಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಾಳೆ. ಈಜುವವರ ಅಗಲ ಭುಜ. ಯಾರೆಂದು ಹೇಳಿದೆ. ಅವಳು ಮುಖ ತಿರುಗಿಸಲಿಲ್ಲ. ಅವಳ ತಾಯಿ ತಿರುಗಿಸಿದಳು.

"ನಿಮ್ಮ ತಮ್ಮ ಸತ್ತು ಬದುಕಿಕೊಂಡ ನೋಡಿ," ಅಂದಳು. "ಇಲ್ಲದಿದ್ರೆ ನಾನು ಬಿಡ್ತಿರಲಿಲ್ಲ."

ನನ್ನ ಬಾಯಿ ಎಂಥದು ಅಂತ ಇಲಾಖೆಗೆ ಗೊತ್ತು. ಆದರೆ ತಾಯಿಗೆ ಏನು ಹೇಳುವುದು. ಮೋರಿ ಬಗ್ಗೆ ಶುರು ಮಾಡಿದೆ. ಕೈ ಅಡ್ಡ ತಂದಳು. "ಮೋರಿ ಕಥೆ ಪೇಪರಿನವರಿಗೆ ಹೇಳಿ. ಇವಳು ಇನ್ನು ನೀರಿಗೆ ಇಳೀತಾಳಾ ಇಲ್ವಾ, ಅದು ಹೇಳಿ."

ಹುಡುಗಿಯೇ ಮಾತಾಡಿದಳು. "ತಿರುವಿನಲ್ಲಿ ನಿಂತೆ ಆಂಟಿ. ಎಡಕ್ಕೆ ಒಳ್ಳೇ ದಾರಿ ಕಾಣ್ತಿತ್ತು. ನೇರಕ್ಕೆ ಬರೀ ಹುಲ್ಲು. ಆದ್ರೆ ಜಲ್ಲಿ ಮಾಮನ ಗೆರೆ... ಅವರ ಗೆರೆ ಅಂದ್ರೆ ಕಣ್ಣು ಮುಚ್ಚಿಕೊಂಡು ಹೋಗೋದು ನಾವು. ಹುಲ್ಲಿನ ಆಚೆ ಏನೋ ಚಂದದ್ದು ತೋರಿಸೋಕೆ ಕರೀತಿದಾರೆ ಅಂದ್ಕೊಂಡೆ."

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ಕೂತೆ. ನನ್ನ ಬಸ್ಸು ಬಂತು, ಹೋಯಿತು.

ಏಪ್ರಿಲ್ ೧೨

ಇಲಾಖೆಗೆ ಅರ್ಜಿ ಬರೆದೆ. ಓವರ್ಸಿಯರ್ ಎಚ್ಚರಿಕೆ, ಪೈಪಿನ ಅಳತೆ, ಬೇಲಿ ಹಾಕದ್ದು, ಎಲ್ಲ. ಓದಿದರೆ ನನಗೇ ರೋಮಾಂಚನ. ಅಪಘಾತದ ಬಗ್ಗೆ ಇಲಾಖೆಯ ವಿಚಾರಣೆ ಇದೇ ೨೬ಕ್ಕಂತೆ. ಬೈಯುವ ಸುಖವೇ ಸುಖ—ಅಷ್ಟು ಹೊತ್ತು ಅಳು ಬರುವುದಿಲ್ಲ.

ಆದರೆ ಆ ಗೆರೆ. ಯಾಕೆ ಆಫ್ ಮಾಡಿದ?

ಬ್ರೇಕ್‌ಗೆ ಫೋನು. ಅಂದು ಯಾರ್‍ಯಾರು ಜೊತೆಗಿದ್ದಿರಿ? ಎಲ್ಲರೂ ಇದ್ದರಂತೆ. ಹೋದ ಸೆಪ್ಟೆಂಬರಿನಲ್ಲಿ, ಆ ದಾರಿ ದಾಖಲಿಸಿದ ದಿನ. ಎರಡನೇ ಘಾಟಿಯ ಬುಡದಲ್ಲಿ ತಮ್ಮ, "ನೀವು ಹೊರಡಿ, ನಾನು ಹಕ್ಕಿ ಫೋಟೋ ತೆಕ್ಕೊಂಡು ಬರ್ತೀನಿ" ಅಂದನಂತೆ. ಇವರು ಮೇಲೆ ಹತ್ತಿ, ನೆತ್ತಿ ದಾಟಿ, ಆಚೆ ಇಳಿಜಾರಿನ ಮರದ ಕೆಳಗೆ ಕಾದರು. ಸ್ವಲ್ಪ ಹೊತ್ತಿಗೇ ಬಂದ. "ಅಂಗಿ ಕೂಡ ಒದ್ದೆಯಾಗಿರಲಿಲ್ಲ ಆಂಟಿ. ಮಾಮ ಬೆವರೋದೇ ಇಲ್ಲ ಅಂತ ತಮಾಷೆ ಮಾಡಿದ್ವಿ."

ಹಕ್ಕಿ ಫೋಟೋ? ಕಾಗೆಗೂ ಪಾರಿವಾಳಕ್ಕೂ ವ್ಯತ್ಯಾಸ ಕೇಳಿದರೆ ತಡವರಿಸುವವನು.

ಏಪ್ರಿಲ್ ೧೭, ಸಂಜೆ

ಬೆಳಿಗ್ಗೆ ಬಸ್ಸಿಗೆ ಹೊರಟೆ, ಘಾಟಿ ನೋಡಿ ಬರಲು. ನಾದಿನಿ ಅಂಗಡಿಗೆ ಹೋಗಲಿಲ್ಲ. ಬ್ಯಾಗು ಹಾಕಿಕೊಂಡು ಪಕ್ಕದಲ್ಲಿ ಬಂದು ನಿಂತಳು. ನಾನು ಕರೆದಿರಲಿಲ್ಲ.

ಕಣಿವೆಯ ಕೊನೇ ಊರಲ್ಲಿ ಇಳಿದು ತಿರುವಿನವರೆಗೆ ನಡೆದೆವು. ಮಂಡಿ ಬಿಟ್ಟು ಉಳಿದವರೆಲ್ಲ ಸುಮ್ಮನಿದ್ದರು. ತಿರುವಿನಲ್ಲಿ ಒಂದು ಚಪ್ಪಟೆ ಬಂಡೆ, ನಾನು ಅದರ ಮೇಲೆ ಕೂತೆ. ಎಡಕ್ಕೆ ಜಲ್ಲಿ ದಾರಿ. ನೇರಕ್ಕೆ ಹುಲ್ಲು, ಹುಲ್ಲಿನಾಚೆ ಗುಂಡಿ. ಹಲಗೆ ಇವತ್ತಿಗೂ ಇಲ್ಲ.

ಹಾಲಿನ ವ್ಯಾನು ಬಂತು. ಓಡಿಸುವವಳು ನಾದಿನಿಯ ವಯಸ್ಸಿನ ಹೆಂಗಸು, ತೋಳು ಮಡಚಿದ ಗಂಡಸರ ಅಂಗಿ. ಖಾಲಿ ಕ್ಯಾನುಗಳನ್ನು ಘಾಟಿ ಮೇಲಿನ ಹಟ್ಟಿಗಳಿಗೆ ಒಯ್ಯುತ್ತಿದ್ದಳು. ನಿಲ್ಲಿಸಿ ಕೇಳಿದಳು, "ಬರ್ತೀರೇನಮ್ಮಾ? ಆ ಬಂಡೆ ಮೇಲೆ ಕೂತೋರನ್ನೆಲ್ಲ ಹತ್ತಿಸ್ಕೊಳ್ಳೋದು ನನಗೆ ಅಭ್ಯಾಸ."

ಯಾರನ್ನು ಹತ್ತಿಸಿಕೊಂಡಿದ್ದೆ ಅಂದೆ.

"ಒಬ್ರು ಸೈಕಲ್ ಸ್ವಾಮಿ ಬರ್ತಿದ್ರು, ಹೋದ ವರ್ಷ. ಮೊದಲ ಸಲ ಕೈ ಅಡ್ಡ ಹಾಕಿ ಪಂಕ್ಚರ್ ಅಂದ್ರು. ಎರಡನೇ ಸಲವೂ ಪಂಕ್ಚರ್. ನಾನು ಟೈರು ಒತ್ತಿ ನೋಡಿದೆ, ಕಲ್ಲು! ಯಾವುದು ಪಂಕ್ಚರ್ ಆಗಿರೋದು ಸ್ವಾಮಿ ಅಂದೆ. ಎದೆ ಮುಟ್ಟಿಕೊಂಡು ನಕ್ಕರು."

ನಾದಿನಿ ಬಂಡೆಯ ಮೇಲೆ ಕೂತುಬಿಟ್ಟಳು.

"ಸೈಕಲ್ಲನ್ನ ಕ್ಯಾನುಗಳ ನಡುವೆ ಮಲಗಿಸಿ ಇದೇ ಎಡಗಡೆ ದಾರೀಲಿ ಕರ್ಕೊಂಡು ಹೋಗಿ ನೆತ್ತಿ ಮೇಲೆ ಬಿಡ್ತಿದ್ದೆ. ವ್ಯಾನು ಹತ್ತೋ ಮುಂಚೆ ಹ್ಯಾಂಡಲ್ಲಿನ ಡಬ್ಬಿ ಆಫ್ ಮಾಡೋರು. ಯಾಕೆ, ಬ್ಯಾಟರಿ ಉಳಿಸ್ತೀರಾ ಅಂತ ಕೇಳಿದೆ. ಅಲ್ಲಮ್ಮ, ತುಳಿಯದ ದಾರೀನ ನಂದು ಅಂತ ಹೇಗೆ ಹಾಕ್ಲಿ, ಹುಷಾರಾದ ಮೇಲೆ ಬಂದು ಇದಿಷ್ಟೂ ತುಳಿದು ಸೇರಿಸ್ತೀನಿ ಅಂದ್ರು. ಈಗ ಹೇಗಿದಾರೆ?"

ಉತ್ತರ ನಾನೇ ಕೊಟ್ಟೆ. ಅವಳು ಎಂಜಿನ್ ನಿಲ್ಲಿಸಿದಳು.

ನಾದಿನಿ ಕೇಳಿದಳು, "ನಿಮಗೆ ಹೇಳಿದ್ರಾ ಅವರು? ಕಾಯಿಲೆ ಅಂತ?"

"ಇಂಥದ್ದು ಅಂತ ಹೇಳಲಿಲ್ಲಮ್ಮ," ಅಂದಳು ವ್ಯಾನಿನವಳು. "ಉಸಿರು ಹೇಳ್ತಿತ್ತು."

ಏಪ್ರಿಲ್ ೧೮

ನಾದಿನಿ ಅಂಗಡಿಗೆ ಹೋಗಿಲ್ಲ. ಚಹಾ ಮುಂದಿಟ್ಟೆ. ಕೆನೆ ಕಟ್ಟಿತು.

"ಊರಿನ ಕಣ್ಣೆಲ್ಲ ನೋಡ್ತೀನಿ ಅತ್ತಿಗೆ. ಯಾರದು ಎಷ್ಟು ಪವರ್, ಯಾರದು ಪೊರೆ ಬಂದಿದೆ—ಕುರ್ಚಿ ಮೇಲೆ ಕೂರೋ ಮುಂಚೆ ಹೇಳ್ತೀನಿ. ಮೆಟ್ಟಿಲು ಹತ್ತುವಾಗ ಅವರು ನಿಂತು ಶೂ ಲೇಸು ಕಟ್ಟಿಕೊಳ್ಳೋರು. ದಿನಾ. ಲೇಸು ಇಷ್ಟು ಹೇಗೆ ಬಿಚ್ಚಿಕೊಳ್ಳುತ್ತೆ ಅಂತ ಒಂದು ದಿನ ಯೋಚನೆ ಮಾಡಿಲ್ಲ ನಾನು."

ನಾನೂ ನೋಡಿದ್ದೆ ಆ ಲೇಸು. ಉದ್ದವಾಯಿತು ಕಣೋ, ಬೇರೆ ಹಾಕಿಸು ಅಂದಿದ್ದೆ.

ಸಿಟ್ಟು ಬರುತ್ತಿದೆ. ಇಲಾಖೆಯ ಮೇಲಲ್ಲ. ಎಂಥಾ ನಿಯತ್ತಿನವನಯ್ಯಾ ನೀನು! ಹೆಂಡತಿಗೆ, ಅಕ್ಕನಿಗೆ ಮುಚ್ಚಿಡಬಹುದು. ಡಬ್ಬಿಗೆ ಮಾತ್ರ ಸುಳ್ಳು ಹೇಳಬಾರದು. ವ್ಯಾನಿನಲ್ಲಿ ಕೂತು ಅದನ್ನು ಹಾಗೇ ಬಿಟ್ಟಿದ್ದರೆ ಗೆರೆ ದಾರಿಗುಂಟ ಬಳುಕಿಕೊಂಡು ಹೋಗುತ್ತಿತ್ತು, ಆ ಹುಡುಗಿ ಇವತ್ತು ಕೊಳದಲ್ಲಿ ಮಕ್ಕಳಿಗೆ ಕಾಲು ಬಡಿಯಲು ಕಲಿಸುತ್ತಿದ್ದಳು. ಒಂದು ಸುಳ್ಳು ಸಾಕಿತ್ತು.

ಊಟಕ್ಕೆ ಕೂತಾಗ ನಾದಿನಿ ಅಂದಳು: "ವಿಚಾರಣೇಲಿ ಇದನ್ನ ಹೇಳ್ಬೇಡಿ ಅತ್ತಿಗೆ. ಅವರು ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದು. ಆ ಹುಡುಗರ ಮುಂದೆ ಜಲ್ಲಿ ಮಾಮನಾಗಿಯೇ ಇರಲಿ."

ಆಯಿತು ಅಂದೆ. ಅಂದೆನಲ್ಲ... ಹೇಗೆ ಅಂದೆ?

ಏಪ್ರಿಲ್ ೨೬

ವಿಚಾರಣೆ. ಅದೇ ಕಟ್ಟಡ, ಅದೇ ಡ್ರಾಯಿಂಗ್ ಹಾಲು. ಮೇಜುಗಳಿಲ್ಲ ಈಗ, ಪ್ಲಾಸ್ಟಿಕ್ ಕುರ್ಚಿ. ನನ್ನ ಕಿಟಕಿಗೆ ಏಸಿ ತುರುಕಿದ್ದಾರೆ. ಎಂಜಿನಿಯರ್ ನನ್ನ ಕಾಲದಲ್ಲಿ ಹುಟ್ಟಿಯೂ ಇರಲಿಲ್ಲವೇನೋ.

ಅರ್ಜಿ ಓದಿದೆ. ಚೆನ್ನಾಗಿ ಓದಿದೆ. ಪೈಪಿನ ಅಳತೆ ಬಂದಾಗ ಹಿಂದಿನ ಸಾಲಿನಲ್ಲಿ ಬ್ರೇಕ್ "ಹಾಗೆ ಹೇಳಿ" ಅಂದ. ಹುಡುಗಿಯ ತಾಯಿಯೂ ಬಂದಿದ್ದಳು, ಕೈಚೀಲ ತೊಡೆಯ ಮೇಲೆ ಬಿಗಿಹಿಡಿದು.

ಎಂಜಿನಿಯರ್ ಮರ್ಯಾದಸ್ತ. ಪೂರ್ತಿ ಕೇಳಿದ. ಆಮೇಲೆ, "ಮೇಡಂ, ಮೋರಿ ವಿಷಯ ಪರಿಶೀಲನೆಯಲ್ಲಿದೆ. ನನ್ನದು ಒಂದೇ ಪ್ರಶ್ನೆ. ತಾವೇ ನಕ್ಷೆ ಬರೆದವರು. ನಿಮ್ಮ ತಮ್ಮನ ಗೆರೆ ಅಲ್ಲಿ ಯಾಕೆ ನೇರ ಹೋಗುತ್ತೆ?"

ಜನ್ಮದಲ್ಲಿ ಯಾವ ಅಧಿಕಾರಿಯ ಎದುರೂ ಸುಮ್ಮನಾದವಳಲ್ಲ. ಸುಮ್ಮನೆ ನಿಂತೆ. ಕೈ ತಾಕಿರಬೇಕು ಅನ್ನಬಹುದಿತ್ತು. ಬ್ರೇಕ್ ಹೇಳಿಕೊಟ್ಟದ್ದೇ. ನಾಲಿಗೆಯ ತುದಿಗೂ ಬಂತು. ತಾಯಿ ನನ್ನನ್ನೇ ನೋಡುತ್ತಿದ್ದಳು.

ಹಿಂದಿನಿಂದ ಕುರ್ಚಿ ಸರಿದ ಸದ್ದು.

"ಅಲ್ಲಿ ನನ್ನ ಗಂಡನಿಗೆ ಹತ್ತೋಕಾಗಲಿಲ್ಲ," ಅಂದಳು ನಾದಿನಿ. "ಹಾಲಿನ ವ್ಯಾನಿನಲ್ಲಿ ಹೋದ್ರು. ಅದಕ್ಕೆ ಆಫ್ ಮಾಡಿದ್ರು. ಅವರಿಗೆ ಹುಷಾರಿರಲಿಲ್ಲ. ನಮಗೆ ಹೇಳಿರಲಿಲ್ಲ. ಗೆರೆ ತಪ್ಪು."

ಎಂಜಿನಿಯರ್ ಬರೆದುಕೊಳ್ಳುತ್ತಿದ್ದ. ಬ್ರೇಕ್ ತಲೆ ತಗ್ಗಿಸಿದ. ಹುಡುಗಿಯ ತಾಯಿ ಎದ್ದು ಹೋಗುವಾಗ ನಾದಿನಿಯ ಹತ್ತಿರ ನಿಂತಳು. ಭುಜ ಮುಟ್ಟುತ್ತಾಳೆ ಅಂದುಕೊಂಡೆ. ಮುಟ್ಟಲಿಲ್ಲ. "ಮಗಳಿಗೆ ಹೇಳ್ತೀನಿ," ಅಂದಳು. ಅಷ್ಟೇ.

ಏಪ್ರಿಲ್ ೨೭

ಪತ್ರಿಕೆ: "ನಕ್ಷೆ ತಪ್ಪೆಂದು ಕುಟುಂಬದ ಒಪ್ಪಿಗೆ." ಮೋರಿಯ ಬಗ್ಗೆ ಒಂದಕ್ಷರವಿಲ್ಲ. ಪರಿಶೀಲನೆಯಲ್ಲಿದೆಯಲ್ಲ, ಪಾಪ.

ಸಂಪಾದಕರಿಗೆ ಪತ್ರ ಬರೆಯಲು ಕೂತೆ. ಬರೆಯಲಾಗಲಿಲ್ಲ. ಪೆನ್ನು ಹಿಡಿದು ಅತ್ತೆ. ಅವನು ಹೋದ ಮೇಲೆ ಇದೇ ಮೊದಲು.

ಮೇ ೮, ಭಾನುವಾರ

ಬ್ರೇಕ್ ಮತ್ತು ಇನ್ನಿಬ್ಬರು. ಬಂದವರೇ ಸೈಕಲ್ಲಿನ ಹತ್ತಿರ ಕೂತರು, ಸತ್ತ ಮನೆಗೆ ತಡವಾಗಿ ಬಂದವರ ಹಾಗೆ. ಕಾದು ಕೂತ ಮರದ ಕೆಳಗೆ ಅವನು ನೀರು ಕೇಳಿದ್ದು, ಬಾಟಲಿಯ ಮುಚ್ಚಳ ತೆಗೆದುಕೊಡಲು ಹೇಳಿದ್ದು—ಈಗ ಒಬ್ಬೊಬ್ಬರಿಗೆ ಒಂದೊಂದು ನೆನಪು.

"ಬಿಟ್ಟುಹೋದ ತುಂಡು ನಾವು ತುಳಿದು ಸೇರಿಸ್ತೀವಿ ಆಂಟಿ. ಒಂದು ಬೆಳಿಗ್ಗೆ ಕೆಲಸ. ಗೆರೆ ಉಳಿಯುತ್ತೆ."

ಒಳ್ಳೆಯದಾಯಿತು ಅನ್ನುವವಳಿದ್ದೆ.

"ಬೇಡ," ಅಂದಳು ನಾದಿನಿ. "ನಾನು ತುಳೀತೀನಿ."

ಎಲ್ಲರೂ ಅವಳ ಮುಖ ನೋಡಿದರು. ನಾನೂ. ಮದುವೆಗೆ ಮುಂಚೆ ಹಾಲಿನ ಅಂಗಡಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಳಂತೆ. ಅಷ್ಟೇ ಅನುಭವ.

"ಆ ಏರು ನಮಗೇ ಕಷ್ಟ..." ಅಂದ ಬ್ರೇಕ್.

"ಅದಕ್ಕೇ."

ಸೀಟು ಇಳಿಸಿಕೊಟ್ಟು ಹೋದರು. ಅವಳು ಹಿತ್ತಿಲಲ್ಲಿ ಸುತ್ತು ಹಾಕಿದಳು. ಬಟ್ಟೆ ಒಣಹಾಕುವ ಕಂಬಕ್ಕೆ ಗುದ್ದಿದಳು. ನಕ್ಕಳು. ಜನವರಿಯಿಂದ ಆ ಸದ್ದು ಮನೆಯಲ್ಲಿ ಕೇಳಿರಲಿಲ್ಲ. ಆಮೇಲೆ ಹಾಗೇ ಕಂಬ ಹಿಡಿದು ನಿಂತಿದ್ದಳು, ತುಂಬ ಹೊತ್ತು, ನಗು ಇನ್ನೇನೋ ಆಗುವವರೆಗೆ.

ಮೇ ೨೨, ಬೆಳಿಗ್ಗೆ, ಬಂಡೆಯ ಮೇಲೆ

ಹೊರಟಳು. ತಿರುವಿನಲ್ಲಿ ಡಬ್ಬಿ ಆನ್ ಮಾಡಿಕೊಟ್ಟದ್ದು ನಾನು. ಅವನು ಆಫ್ ಮಾಡಿದ ಜಾಗದಲ್ಲೇ.

ನನ್ನ ಮಂಡಿ ಇಲ್ಲಿಂದ ಮುಂದೆ ಬರುವುದಿಲ್ಲ ಅಂದಿದೆ. ಬರೆಯುತ್ತ ಕೂತಿದ್ದೇನೆ. ಹಾಲಿನ ವ್ಯಾನು ಪಕ್ಕದಲ್ಲಿದೆ. ಅವಳು ದಾಟಿಹೋಗುವವರೆಗೆ ಎಂಜಿನ್ ಹಾಕುವುದಿಲ್ಲವಂತೆ ವ್ಯಾನಿನವಳು, ಧೂಳು ಕುಡಿಸಬಾರದು ಅಂತ. "ಹಾಲು ಒಡೆದ್ರೆ ಒಡೀಲಿ ಬಿಡಿ" ಅನ್ನುತ್ತಾಳೆ. ಕ್ಯಾನುಗಳು ಖಾಲಿ.

ಗುಂಡಿಯ ಬಾಯಿಗೆ ಬ್ರೇಕ್ ಮತ್ತು ಅವನ ಕಡೆಯವರು ಕಟ್ಟಿದ ಬೇಲಿ. ಹಲಗೆಯ ಅಕ್ಷರ ನನ್ನದು. ಇಲಾಖೆಯ ಕೆಲಸ ಮತ್ತೆ ನಾನೇ ಮಾಡಿದೆ, ಈ ಸಲ ಸಂಬಳವಿಲ್ಲದೆ.

ಮೊದಲ ತಿರುವು ತುಳಿದಳು. ಎರಡನೆಯದೂ. ಬಿಳಿ ಟೋಪಿ ಕಾಣುತ್ತದೆ, ಮಾಯವಾಗುತ್ತದೆ.

ಇಲ್ಲಿ ಕೂತರೆ ಘಾಟಿಯ ನೆತ್ತಿ ಎಷ್ಟು ಹತ್ತಿರ! ಕೈ ಚಾಚಿದರೆ ಸಿಗುವ ಹಾಗೆ. ನೇರ. ಉಸಿರು ಸಿಗದೆ ಇಲ್ಲಿ ಕೂತು ಇದನ್ನೇ ನೋಡುತ್ತಿದ್ದನೇ? ನನ್ನ ಮೇಜಿನ ಪಕ್ಕದ ಸ್ಟೂಲಿನ ಹುಡುಗ... ಒಂದು ಮಾತು ಹೇಳಿದ್ದರೆ ಕರೆದುಕೊಂಡು ಬರುತ್ತಿರಲಿಲ್ಲವೇ ನಾನೇ, ಹೆಗಲ ಮೇಲೆ

ಮೂರನೇ ತಿರುವು. ನಿಂತಳು. ಇಳಿದಳು. ಹ್ಯಾಂಡಲ್ಲಿನ ಮೇಲೆ ಬಗ್ಗಿದ್ದಾಳೆ. ಆಫ್ ಮಾಡುತ್ತಾಳೋ ಏನೋ. ತುಳಿಯಲಾಗದಿದ್ದರೆ ತಳ್ಳು ತಾಯಿ, ತಳ್ಳಿದರೂ ದಾರಿ ದಾರಿಯೇ, ಅದನ್ನು ಮುಟ್ಟಬೇಡ—ಇಲ್ಲಿಂದ ಕೂಗಿದರೆ ಕೇಳುವುದಿಲ್ಲ.

ಮುಟ್ಟಲಿಲ್ಲ. ತಳ್ಳುತ್ತಿದ್ದಾಳೆ.

ಈ ಕಡೆ ತಿರುಗಿದಳು. ಕೈ ಎತ್ತಿ ಏನೋ ಕೂಗುತ್ತಿದ್ದಾಳೆ. "ಅತ್ತಿಗೆ" ಅನ್ನುವಷ್ಟು ಕೇಳಿಸಿತು. ಉಳಿದದ್ದು ಗಾಳಿ. ವ್ಯಾನಿನವಳು ನನ್ನ ಕಡೆ ಕೈ ಚಾಚಿ ನಿಂತಿದ್ದಾಳೆ, ನಡೀರಿ ನಿಧಾನಕ್ಕೆ ಅಂತ. ಮಂಡಿ ಏನಂದರೂ ಸರಿ, ಎದ್ದು ಮೂರನೇ ತಿರುವಿನವರೆಗಾದರೂ